ಹೊಲದ ತ್ಯಾಜ್ಯದಿಂದ ನೀರಿನ ಕಂದು ಬಣ್ಣ ತೆಗೆಯುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಕೆಲವು ಕೆರೆ, ತೊರೆಗಳ ನೀರು ತಿಳಿಯಾಗಿಯೇ ಇರುತ್ತದೆ, ಬಣ್ಣ ಮಾತ್ರ ತೆಳು ಚಹಾದ್ದು. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ರಾತ್ರಿಯೆಲ್ಲ ಇಟ್ಟರೂ ತಳಕ್ಕೆ ಇಳಿಯುವುದಿಲ್ಲ. ಉದುರಿದ ಎಲೆ, ಕೊಳೆತ ಬೇರು, ಮಣ್ಣಿನ ಮೇಲ್ಪದರದ ಸತ್ವ ನೀರಿನಲ್ಲಿ ಕರಗಿ ಬಂದ ಬಣ್ಣ ಅದು. ಇದಕ್ಕೆ ನೈಸರ್ಗಿಕ ಸಾವಯವ ಪದಾರ್ಥ ಎನ್ನುತ್ತಾರೆ. ಅದರಲ್ಲಿ ಹ್ಯೂಮಿಕ್ ಆಮ್ಲ, ಫಲ್ವಿಕ್ ಆಮ್ಲಗಳದ್ದೇ ದೊಡ್ಡ ಪಾಲು. ಜೊತೆಗೆ ಟ್ಯಾನಿನ್, ಪಾಚಿ ಬಿಟ್ಟ ಸಕ್ಕರೆ ಮತ್ತು ಪ್ರೋಟೀನಿನ ಚೂರುಗಳು.

ಇದು ವಿಷವಾ ಅಂದರೆ, ನೇರವಾಗಿ ಅಲ್ಲ. ತೊಂದರೆ ಶುರುವಾಗುವುದು ಕ್ಲೋರಿನ್ ಹಾಕಿದ ಮೇಲೆ. ಕ್ಲೋರಿನ್ ಈ ಪದಾರ್ಥದ ಜೊತೆ ಸೇರಿ ಕ್ಲೋರೋಫಾರ್ಮ್‌ನಂಥ, ಟ್ರೈಹ್ಯಾಲೋಮೀಥೇನ್ ಎಂಬ ಹಾನಿಕರ ರಾಸಾಯನಿಕಗಳನ್ನು ಹುಟ್ಟಿಸುತ್ತದೆ. ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ ರಸಾಯನಶಾಸ್ತ್ರಜ್ಞ ಯೋಹಾನ್ನೆಸ್ ರೂಕ್ ಇದನ್ನು 1974ರಲ್ಲಿ ಪ್ರಕಟಿಸಿದರು. ಆಮೇಲೆ ಹಲವು ದೇಶಗಳು ಮಿತಿ ಹಾಕಿದವು. ಅಮೆರಿಕದಲ್ಲಿ ಈಗ ನಾಲ್ಕು ಟ್ರೈಹ್ಯಾಲೋಮೀಥೇನ್‌ಗಳ ಮೊತ್ತ ಲೀಟರಿಗೆ 80 ಮೈಕ್ರೋಗ್ರಾಂ ದಾಟುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕ್ಲೋರೋಫಾರ್ಮ್ ಒಂದಕ್ಕೇ ಲೀಟರಿಗೆ 300 ಮೈಕ್ರೋಗ್ರಾಂ ಎಂಬ ಮಾರ್ಗಸೂಚಿ ಕೊಟ್ಟಿದೆ. ಹಾಗಾಗಿ ಬಣ್ಣವನ್ನು ಕ್ಲೋರಿನ್ ಹಾಕುವ ಮೊದಲೇ ತೆಗೆಯಬೇಕು. ಅದೇ ಪದಾರ್ಥ ಪೈಪುಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ, ಕ್ಲೋರಿನ್ನನ್ನು ಸುಮ್ನೆ ತಿಂದುಹಾಕುತ್ತದೆ, ಲೋಹಗಳನ್ನು ಹೊತ್ತು ತರುತ್ತದೆ.

ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆ, ಮೆಕ್ಕೆಜೋಳದ ಬೆಂಡು, ಶೇಂಗಾ ಸಿಪ್ಪೆ, ಹತ್ತಿ ಕಡ್ಡಿ, ತೆಂಗಿನ ಚಿಪ್ಪು ಇವೆಲ್ಲ ಈ ಕೆಲಸಕ್ಕೆ ಬರುತ್ತವೆ. ಆದರೆ ಇದ್ದ ಹಾಗೇ ಅಲ್ಲ.

ಹಸಿ ಹೊಟ್ಟನ್ನು ನೀರಿಗೆ ಹಾಕಬೇಡಿ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಬಣ್ಣದ ಕಾರ್ಖಾನೆಯ ನೀರಿಗೆ ಒಣ ಸಿಪ್ಪೆ ಹಾಕಿದರೆ ಕೆಲವು ಬಣ್ಣಗಳು ಚೆನ್ನಾಗಿ ಅಂಟಿಕೊಳ್ಳುತ್ತವೆ. ಸೀಸ, ತಾಮ್ರದಂಥ ಲೋಹಗಳೂ ಅಂಟುತ್ತವೆ. ಕಾರಣ, ಅವು ಧನ ವಿದ್ಯುದಂಶದವು, ಸಿಪ್ಪೆಯ ಮೇಲ್ಮೈ ಋಣ ವಿದ್ಯುದಂಶದ್ದು. ಹ್ಯೂಮಿಕ್ ಆಮ್ಲದ ಕಥೆ ಬೇರೆ. ಸಾಮಾನ್ಯ ನೀರಿನ ಪಿಎಚ್‌ನಲ್ಲಿ (ಆಮ್ಲ-ಕ್ಷಾರದ ಅಳತೆ) ಅದೂ ಋಣ. ಋಣಕ್ಕೂ ಋಣಕ್ಕೂ ಆಗಿಬರುವುದಿಲ್ಲ, ದೂರ ತಳ್ಳುತ್ತವೆ.

ಇನ್ನೊಂದು ತೊಂದರೆ ಇನ್ನೂ ದೊಡ್ಡದು. ಹಸಿ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿದರೆ ಅದೇ ಟ್ಯಾನಿನ್, ಸಕ್ಕರೆ, ಲಿಗ್ನಿನ್ ಚೂರುಗಳನ್ನು ಬಿಡುತ್ತದೆ. ಅಂದರೆ ಯಾವುದನ್ನು ತೆಗೆಯಲು ಹೊರಟಿರೋ ಅದನ್ನೇ ಸೇರಿಸಿದ ಹಾಗೆ. ಪರೀಕ್ಷಿಸಿ ನೋಡಬೇಕಾದರೆ ಒಂದು ಹಿಡಿ ಶೇಂಗಾ ಸಿಪ್ಪೆಯನ್ನು ಶುದ್ಧ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರಿನ ಬಣ್ಣ ನೋಡಿದರೆ ಮತ್ತೆ ವಾದ ಮಾಡಬೇಕಾಗಿಲ್ಲ.

ನುಗ್ಗೆ ಬೀಜದ ಪುಡಿಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅದರ ಪ್ರೋಟೀನ್ ಧನ ವಿದ್ಯುದಂಶದ್ದು. ಮಣ್ಣು ಕದಡಿದ ನೀರನ್ನು ತಿಳಿ ಮಾಡಲು ಒಳ್ಳೆಯದೇ. ಆದರೆ ಬೀಜದ ಉಳಿದ ಪದಾರ್ಥವೆಲ್ಲ ನೀರಿನಲ್ಲೇ ಕರಗಿ ಉಳಿಯುತ್ತದೆ, ಇಟ್ಟ ನೀರು ಬೇಗ ವಾಸನೆ ಬರುತ್ತದೆ. ಕರಗಿದ ಸಾವಯವ ಪದಾರ್ಥ ತೆಗೆಯುವುದೇ ಗುರಿಯಾದರೆ ಅದು ಸರಿಯಾದ ದಾರಿಯಲ್ಲ.

ಹಾಗಾದರೆ ದಾರಿ? ತ್ಯಾಜ್ಯವನ್ನು ಗಾಳಿ ಇಲ್ಲದೆ ಸುಟ್ಟು ಇದ್ದಿಲು ಮಾಡಬೇಕು. ಅದನ್ನು ಚೆನ್ನಾಗಿ ತೊಳೆಯಬೇಕು. ಆಮೇಲೆ ಮೇಲ್ಮೈಗೆ ಧನ ವಿದ್ಯುದಂಶ ಬರುವಂತೆ ಕಬ್ಬಿಣದ ಆಕ್ಸೈಡಿನ ತೆಳು ಲೇಪ ಕೊಡಬೇಕು. ಮೂರರಲ್ಲಿ ಜನ ಕಡಿಮೆ ಲಕ್ಷ್ಯ ಕೊಡುವುದು ತೊಳೆಯುವುದಕ್ಕೆ. ನನ್ನ ಪ್ರಕಾರ ಅರ್ಧ ಕೆಲಸ ಇರುವುದೇ ಅಲ್ಲಿ.

ಹಂತ 1: ಬಣ್ಣ ಯಾವುದರದ್ದು ಎಂದು ಖಚಿತ ಮಾಡಿಕೊಳ್ಳಿ

ಕಂದು ನೀರೆಲ್ಲ ಹ್ಯೂಮಿಕ್ ಅಲ್ಲ. ಕೊಳವೆಬಾವಿಯಿಂದ ತೆಗೆದಾಗ ತಿಳಿಯಾಗಿದ್ದು, ಗಾಳಿಗೆ ಇಟ್ಟ ಮೇಲೆ ಕೆಂಪಾಗಿ ತಳದಲ್ಲಿ ತುಕ್ಕಿನಂಥ ಪುಡಿ ಕೂತರೆ ಅದು ಕಬ್ಬಿಣ. ನೋಡಿದರೆ ಮಬ್ಬಾಗಿದ್ದು, ದಟ್ಟ ಬಟ್ಟೆಯಲ್ಲಿ ಸೋಸಿದಾಗ ಬಣ್ಣ ಕಡಿಮೆಯಾದರೆ ಅದು ಮಣ್ಣು ಅಥವಾ ಪಾಚಿ. ಹ್ಯೂಮಿಕ್ ಬಣ್ಣ ಸೋಸುವ ಕಾಗದವನ್ನೂ ದಾಟಿ ಬರುತ್ತದೆ, ದಿನಗಟ್ಟಲೆ ಹಾಗೇ ಇರುತ್ತದೆ.

ಒಂದು ಸುಲಭ ಗುರುತಿದೆ. ಸೋಸಿದ ನೀರನ್ನು ಎರಡು ಒಂದೇ ಥರದ ಗಾಜಿನ ಲೋಟಗಳಿಗೆ ಹಾಕಿ. ಒಂದಕ್ಕೆ ಒಂದು ಚಿಟಿಕೆ ವಾಷಿಂಗ್ ಸೋಡಾ ಹಾಕಿ ಕಲಕಿ. ಬಿಳಿ ಕಾಗದದ ಮೇಲೆ ಇಟ್ಟು ಮೇಲಿನಿಂದ ನೋಡಿ. ನೀರು ಮಬ್ಬಾಗದೆ ಬಣ್ಣ ಮಾತ್ರ ಗಾಢವಾದರೆ ಹ್ಯೂಮಿಕ್ ಇರುವ ಸಂಭವ ಜಾಸ್ತಿ. ಪಿಎಚ್ ಏರಿದಂತೆ ಅದರ ಬಣ್ಣ ಗಾಢವಾಗುತ್ತದೆ. ಈ ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅಳತೆ ಮಾಡುವಾಗ ಇದೇ ನಮ್ಮನ್ನು ದಾರಿ ತಪ್ಪಿಸುತ್ತದೆ.

ಲ್ಯಾಬ್ ಕೈಗೆ ಸಿಕ್ಕರೆ ಎರಡು ಅಂಕಿ ಕೇಳಿ. ಒಂದು, ಕರಗಿದ ಸಾವಯವ ಕಾರ್ಬನ್, ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು. ಇನ್ನೊಂದು, 254 ನ್ಯಾನೋಮೀಟರ್ ಅತಿನೇರಳೆ ಬೆಳಕನ್ನು ಆ ನೀರು ಎಷ್ಟು ಹೀರುತ್ತದೆ ಎಂಬುದು, ಒಂದು ಮೀಟರ್ ದಾರಿಗೆ ಲೆಕ್ಕ ಹಾಕಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಉತ್ತರ 4ಕ್ಕಿಂತ ಹೆಚ್ಚಿದ್ದರೆ ನೀರಿನಲ್ಲಿರುವುದು ಹೆಚ್ಚಾಗಿ ದೊಡ್ಡ ಗಾತ್ರದ ಹ್ಯೂಮಿಕ್ ಪದಾರ್ಥ, ತೆಗೆಯುವುದು ಸುಲಭ. 2ಕ್ಕಿಂತ ಕಡಿಮೆಯಿದ್ದರೆ ನೀರಿಗೆ ಹೊಂದಿಕೊಂಡ ಸಣ್ಣ ಅಣುಗಳೇ ಜಾಸ್ತಿ. ಅಂಥ ನೀರಿನಲ್ಲಿ ಇಲ್ಲಿ ಹೇಳುವ ವಿಧಾನದಿಂದ ದೊಡ್ಡ ಫಲ ನಿರೀಕ್ಷಿಸಬೇಡಿ.

ಹಂತ 2: ಯಾವ ತ್ಯಾಜ್ಯ ಆರಿಸಿಕೊಳ್ಳಬೇಕು

ತೆಂಗಿನ ಚಿಪ್ಪಿನ ಇದ್ದಿಲು ಅಂದರೆ ಎಲ್ಲರಿಗೂ ಗೌರವ. ಕುಡಿಯುವ ನೀರಿನ ಫಿಲ್ಟರ್‌ಗಳಲ್ಲಿ ಅದೇ ಇರುತ್ತದೆ, ಅಲ್ವಾ. ಆದರೆ ಅದರ ರಂಧ್ರಗಳು ಬಹುಪಾಲು 2 ನ್ಯಾನೋಮೀಟರಿಗಿಂತ ಸಣ್ಣವು. ಕ್ಲೋರಿನ್, ವಾಸನೆಯ ಸಣ್ಣ ಅಣುಗಳಿಗೆ ಅವು ಸರಿಹೊಂದುತ್ತವೆ. ಹ್ಯೂಮಿಕ್ ಅಣುಗಳು ದೊಡ್ಡವು, ಆ ಬಾಗಿಲಲ್ಲಿ ನುಗ್ಗುವುದೇ ಇಲ್ಲ. ನಮಗೆ ಬೇಕಿರುವುದು 2ರಿಂದ 50 ನ್ಯಾನೋಮೀಟರ್ ರಂಧ್ರ. ಮೃದುವಾದ, ಹಗುರವಾದ ತ್ಯಾಜ್ಯದಿಂದ ಅಂಥ ಇದ್ದಿಲು ಪಡೆಯುವುದು ಸುಲಭ. ಮೆಕ್ಕೆಜೋಳದ ಬೆಂಡು, ಕಬ್ಬಿನ ಸಿಪ್ಪೆ, ಹತ್ತಿ ಕಡ್ಡಿ, ಭತ್ತದ ಹೊಟ್ಟು ಇವುಗಳಲ್ಲಿ ಹತ್ತಿರ ಸಿಗುವುದನ್ನು ತೆಗೆದುಕೊಳ್ಳಿ.

ಭತ್ತದ ಹೊಟ್ಟಿನಲ್ಲಿ ತೂಕದ ಸುಮಾರು ಶೇ 15ರಿಂದ 20 ಸಿಲಿಕಾ ಇರುತ್ತದೆ. ಅದರಿಂದ ಇದ್ದಿಲು ಹೆಚ್ಚು ಉಳಿಯುತ್ತದೆ, ಆದರೆ ಆ ತೂಕದ ಒಂದು ಭಾಗ ಕಾರ್ಬನ್ ಅಲ್ಲ. ಸಿಲಿಕಾವನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ತೆಗೆದರೆ ಆ ಜಾಗವೇ ರಂಧ್ರವಾಗುತ್ತದೆ. ಇದನ್ನು ಮಾಡುವವರು ಲೀಟರಿಗೆ 40 ಗ್ರಾಂ ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ 80ರಿಂದ 90 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟು ತೊಳೆಯುತ್ತಾರೆ. ಬಿಸಿ ಕಾಸ್ಟಿಕ್ ಕಣ್ಣಿಗೆ ಸಿಡಿದರೆ ಅನಾಹುತ. ಮೊದಲ ಸಲ ಮಾಡುವವರು ಬೆಂಡಿನಿಂದ ಶುರುಮಾಡುವುದು ಮೇಲು.

ಕೀಟನಾಶಕ ಹೊಡೆದು ಸ್ವಲ್ಪ ದಿನಕ್ಕೇ ಕೊಯ್ದ ಬೆಳೆಯ ಕಡ್ಡಿ ಬೇಡ. ಬೂಷ್ಟು ಹಿಡಿದದ್ದು, ಪ್ಲಾಸ್ಟಿಕ್ ದಾರ ಸೇರಿದ್ದು, ಬಣ್ಣ ಬಳಿದ ಮರದ ಚೂರು ಬೆರೆತದ್ದು ಬೇಡ.

ಹಂತ 3: ಇದ್ದಿಲು ಮಾಡುವುದು

ತ್ಯಾಜ್ಯವನ್ನು ನೀರಿನಲ್ಲಿ ಜಾಲಿಸಿ ಮಣ್ಣು ತೆಗೆಯಿರಿ. ಒಂದೆರಡು ಸೆಂಟಿಮೀಟರ್ ಚೂರು ಮಾಡಿ ಬಿಸಿಲಲ್ಲಿ ಒಣಗಿಸಿ. ಮುರಿದಾಗ ಟಕ್ಕೆಂದು ಸದ್ದು ಬರಬೇಕು. ಬಗ್ಗಿದರೆ ಇನ್ನೂ ತೇವ ಇದೆ ಎಂದರ್ಥ.

ಸಣ್ಣ ಪ್ರಮಾಣಕ್ಕೆ ಮುಚ್ಚಳವಿರುವ ಕಬ್ಬಿಣದ ಡಬ್ಬ ಸಾಕು. ಹೊರಗೆ ಪೇಂಟ್, ಒಳಗೆ ಪ್ಲಾಸ್ಟಿಕ್ ಪದರ ಇರಬಾರದು. ಮುಚ್ಚಳಕ್ಕೆ ಮೊಳೆಯಿಂದ ಎರಡು ಮೂರು ತೂತು ಹೊಡೆಯಿರಿ. ತೂತಿಲ್ಲದೆ ಬಿಗಿಯಾಗಿ ಮುಚ್ಚಿದರೆ ಒಳಗಿನ ಅನಿಲದ ಒತ್ತಡಕ್ಕೆ ಡಬ್ಬ ಸಿಡಿಯುತ್ತದೆ. ಒಣ ಚೂರನ್ನು ತುಂಬಿ, ಮುಚ್ಚಿ, ದೊಡ್ಡ ಬೆಂಕಿಯ ನಡುವೆ ಇಡಿ.

ಮೊದಲು ತೂತಿನಿಂದ ಬಿಳಿ ಹೊಗೆ ಬರುತ್ತದೆ, ಅದು ಹೆಚ್ಚಾಗಿ ನೀರಾವಿ. ಆಮೇಲೆ ಹಳದಿ ಹೊಗೆ. ಬಿಸಿ ಇನ್ನೂ ಏರಿದಾಗ ತೂತಿನ ಬಾಯಲ್ಲೇ ಅನಿಲ ಹತ್ತಿ ಉರಿಯಲು ಶುರುವಾಗುತ್ತದೆ. ಆ ಜ್ವಾಲೆ ತಾನಾಗಿ ಸಣ್ಣದಾಗಿ ನಿಂತ ಮೇಲೂ ಅರ್ಧ ಗಂಟೆ ಬೆಂಕಿ ಹಾಗೇ ಇರಲಿ. ಕೊನೆಯ ಅರ್ಧ ಗಂಟೆಯಲ್ಲಿ ಉಳಿದ ಟಾರು ಹೋಗುತ್ತದೆ. ಹೆಚ್ಚು ಬಿಸಿ ಅಳೆಯುವ ಥರ್ಮೋಕಪಲ್ ಇದ್ದರೆ ಡಬ್ಬದೊಳಗೆ 500ರಿಂದ 600 ಡಿಗ್ರಿ ಗುರಿ ಇಟ್ಟುಕೊಳ್ಳಿ. 400ರ ಕೆಳಗೆ ನಿಲ್ಲಿಸಿದರೆ ಇದ್ದಿಲು ಕಪ್ಪಗೆ ಕಂಡರೂ ಒಳಗೆ ಅರೆಬೆಂದಿರುತ್ತದೆ. ಭತ್ತದ ಹೊಟ್ಟಾದರೆ ಬಿಸಿ 700 ಡಿಗ್ರಿ ದಾಟಿಸಬೇಡಿ. ಹೆಚ್ಚು ಬಿಸಿಯಲ್ಲಿ ಸಿಲಿಕಾ ಹರಳಾಗಲು ಶುರುವಾಗುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಡಬ್ಬ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ. ಬಿಸಿ ಇದ್ದಿಲಿಗೆ ಗಾಳಿ ತಾಗಿದರೆ ಮತ್ತೆ ಹೊತ್ತಿ ಬೂದಿಯಾಗುತ್ತದೆ. ಇದೆಲ್ಲ ಬಯಲಲ್ಲೇ ಆಗಬೇಕು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಒಣ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇದ್ದಿಲು ಸಿಗುತ್ತದೆ. ಹೊಟ್ಟಿನಿಂದ ಸ್ವಲ್ಪ ಜಾಸ್ತಿ.

ಈಗ ಒಂದು ತುಂಡನ್ನು ಬೆರಳಲ್ಲಿ ಉಜ್ಜಿ. ಒಳ್ಳೆಯ ಇದ್ದಿಲಿನ ಕರಿ ಬರೀ ನೀರಿನಲ್ಲೇ ತೊಳೆದು ಹೋಗುತ್ತದೆ. ಜಿಡ್ಡಾಗಿ ಅಂಟಿಕೊಂಡು, ಸೋಪು ಹಾಕಿದರೂ ಕಂದು ಕಲೆ ಉಳಿದರೆ ಟಾರು ಇದೆ. ಇನ್ನೂ ಅನುಮಾನ ಇದ್ದರೆ ಒಂದು ಹಿಡಿ ಇದ್ದಿಲನ್ನು ಹತ್ತು ನಿಮಿಷ ಕುದಿಸಿ, ನೀರನ್ನು ಸೋಸಿ ನೋಡಿ. ಹಳದಿ ಬಣ್ಣ ಕಂಡರೆ ಮತ್ತೆ ಡಬ್ಬಕ್ಕೆ ಹಾಕಿ ಸುಡಬೇಕು, ಬೇರೆ ಉಪಾಯವಿಲ್ಲ.

ಲ್ಯಾಬ್ ಮತ್ತು ಮಫಲ್ ಫರ್ನೇಸ್ ಇರುವವರಿಗೆ ಇನ್ನೊಂದು ದಾರಿ ಇದೆ. ಒಣ ಚೂರನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ 450ರಿಂದ 500 ಡಿಗ್ರಿಯಲ್ಲಿ ಒಂದೆರಡು ಗಂಟೆ ಸುಟ್ಟರೆ ನಮಗೆ ಬೇಕಾದ ಅಳತೆಯ ರಂಧ್ರಗಳು ಹೆಚ್ಚು ಬರುತ್ತವೆ. ಡಬ್ಬ ಮತ್ತು ಸೌದೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಜಿಂಕ್ ಕ್ಲೋರೈಡ್, ಕಾಸ್ಟಿಕ್ ಪೊಟ್ಯಾಶ್ ಬಳಸುವ ವಿಧಾನಗಳೂ ಅಷ್ಟೆ.

ಹಂತ 4: ಪುಡಿ, ಜರಡಿ, ತೊಳೆತ

ಮೂಗಿಗೆ ಮಾಸ್ಕ್ ಹಾಕಿಕೊಂಡು, ಇದ್ದಿಲಿಗೆ ಸ್ವಲ್ಪ ನೀರು ಚಿಮುಕಿಸಿ ಕುಟ್ಟಿ. ಧೂಳು ಏಳುವುದಿಲ್ಲ. ಒಣಗಿಸಿ ಎರಡು ಜರಡಿ ಹಿಡಿಯಿರಿ. 1 ಮಿಲಿಮೀಟರ್ ಜರಡಿಯಲ್ಲಿ ಇಳಿದು, ಅರ್ಧ ಮಿಲಿಮೀಟರ್ ಜರಡಿಯ ಮೇಲೆ ಉಳಿದ ಕಾಳು, ಹಂತ 8ರಲ್ಲಿ ಇದ್ದಿಲು ತುಂಬಿ ನೀರು ಹಾಯಿಸುವ ಕೊಳವೆಗೆ ಬೇಕು. ಅದಕ್ಕಿಂತ ನುಣ್ಣಗಿನದು ಬಾಟಲಿ ಪರೀಕ್ಷೆಗೆ. ಕೊಳವೆಗೆ ನುಣುಪು ಪುಡಿ ಹಾಕಿದರೆ ನೀರು ಇಳಿಯುವುದೇ ಇಲ್ಲ.

ಇನ್ನು ತೊಳೆಯುವುದು. ಇದ್ದಿಲಿನಲ್ಲಿ ಬೂದಿ ಇರುತ್ತದೆ, ಬೂದಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಕ್ಷಾರಗಳು. ತೊಳೆಯದ ಇದ್ದಿಲು ಹಾಕಿದ ನೀರಿನ ಪಿಎಚ್ ಸಲೀಸಾಗಿ 9, 10ಕ್ಕೆ ಹೋಗುತ್ತದೆ. ಆಗ ಎರಡು ಕಡೆಯಿಂದ ಹೊಡೆತ ಬೀಳುತ್ತದೆ. ಹೆಚ್ಚಿನ ಪಿಎಚ್‌ನಲ್ಲಿ ಹ್ಯೂಮಿಕ್ ಆಮ್ಲವೂ ಇದ್ದಿಲಿನ ಮೇಲ್ಮೈಯೂ ಇನ್ನಷ್ಟು ಋಣವಾಗುತ್ತವೆ, ಅಂಟುವುದು ಕಡಿಮೆಯಾಗುತ್ತದೆ. ಅಂಟದೆ ಉಳಿದದ್ದರ ಬಣ್ಣವೂ ಗಾಢವಾಗುತ್ತದೆ. ನೋಡಿದವರು ಇದ್ದಿಲು ಕೆಲಸ ಮಾಡುವುದಿಲ್ಲ ಎಂದು ಕೈಬಿಡುತ್ತಾರೆ.

ಮೊದಲು ಬಿಸಿ ನೀರಿನಲ್ಲಿ ಎರಡು ಮೂರು ಸಲ ಕುದಿಸಿ ಬಸಿಯಿರಿ. ಆಮೇಲೆ ಸುಮಾರು ಶೇ 1ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸಿ. ಅಂಗಡಿಯಲ್ಲಿ ಸಿಗುವ ಗಟ್ಟಿ ಆಮ್ಲವಾದರೆ ಲೀಟರ್ ನೀರಿಗೆ ಸುಮಾರು 30 ಮಿಲಿಲೀಟರ್. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಕೈಗವಸು, ಕನ್ನಡಕ ಇರಲಿ. ಮೊದಲ ನಿಮಿಷಗಳಲ್ಲಿ ಬುರುಗು ಬಂದರೆ ಹೆದರಬೇಡಿ, ಬೂದಿಯ ಕಾರ್ಬೊನೇಟ್ ಕರಗುತ್ತಿದೆ. ಮರುದಿನ ಬಸಿದು, ನೀರಿನ ಪಿಎಚ್ 6ರಿಂದ 7 ಬರುವವರೆಗೆ ತೊಳೆಯುತ್ತಲೇ ಇರಿ. ತೊಳೆದ ನೀರಿನ ಬಣ್ಣ ಮತ್ತು ಪಿಎಚ್ ಎರಡನ್ನೂ ನೋಡಿ. ಬಣ್ಣ ನಿಂತಿತು ಎಂದು ತೊಳೆಯುವುದನ್ನು ನಿಲ್ಲಿಸಬೇಡಿ.

ಹಂತ 5: ಕಬ್ಬಿಣದ ಲೇಪ

ಕಬ್ಬಿಣದ ಆಕ್ಸೈಡುಗಳ ಮೇಲ್ಮೈ ಸುಮಾರು 7ರಿಂದ 9 ಪಿಎಚ್‌ವರೆಗೆ ಧನವಾಗಿರುತ್ತದೆ. ಹ್ಯೂಮಿಕ್ ಆಮ್ಲದ ಕಾರ್ಬಾಕ್ಸಿಲ್ ಗುಂಪುಗಳು ಅದಕ್ಕೆ ನೇರವಾಗಿ ಕಚ್ಚಿಕೊಳ್ಳುತ್ತವೆ. ನಿಸರ್ಗದಲ್ಲಿ ಕೆಂಪು ಮಣ್ಣು ಸಾವಯವ ಪದಾರ್ಥವನ್ನು ಹಿಡಿದಿಟ್ಟುಕೊಳ್ಳುವುದೂ ಹೀಗೇ.

100 ಗ್ರಾಂ ಒಣ ಇದ್ದಿಲಿಗೆ 5 ಗ್ರಾಂ ಕಬ್ಬಿಣ ಕೂರಿಸುವ ಲೆಕ್ಕ ಹೀಗಿದೆ. ನೀರಿನಂಶ ಇರುವ ಹಳದಿ ಉಂಡೆಯಂಥ ಫೆರಿಕ್ ಕ್ಲೋರೈಡಿನಲ್ಲಿ ಕಬ್ಬಿಣ ಸುಮಾರು ಶೇ 20.7. ಹಾಗಾಗಿ 24 ಗ್ರಾಂ ಬೇಕು. ಅದನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ಇದ್ದಿಲು ಹಾಕಿ. ಎರಡು ಗಂಟೆ ಆಗಾಗ ಕಲಕಿ. ದ್ರಾವಣ ರಂಧ್ರದೊಳಗೆ ಹೋಗಲು ಸಮಯ ಬೇಕು.

ಬೇರೊಂದು ಪಾತ್ರೆಯಲ್ಲಿ 12 ಗ್ರಾಂ ಕಾಸ್ಟಿಕ್ ಸೋಡಾವನ್ನು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ತಣ್ಣಗಾಗಲು ಬಿಡಿ. ಲೆಕ್ಕದ ಪ್ರಕಾರ 11 ಗ್ರಾಂ ಹತ್ತಿರ ಸಾಕು, ಉಳಿದದ್ದು ಕೈಯಲ್ಲಿರಲಿ. ಇದನ್ನು ಇದ್ದಿಲಿನ ಪಾತ್ರೆಗೆ ಸ್ವಲ್ಪ ಸ್ವಲ್ಪವಾಗಿ, ಕಲಕುತ್ತಾ ಹಾಕಿ. ಅವಸರ ಮಾಡಿದರೆ ಕಬ್ಬಿಣವೆಲ್ಲ ನೀರಿನಲ್ಲೇ ಕೆಂಪು ಕೆಸರಾಗಿ ಬೀಳುತ್ತದೆ, ಇದ್ದಿಲಿಗೆ ಅಂಟುವುದಿಲ್ಲ. ಪಿಎಚ್ 7ರಿಂದ 7.5 ಬಂದಾಗ ನಿಲ್ಲಿಸಿ. ಅಲ್ಲಿ ಬಂದ ಮೇಲೆ ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ, ಪಿಎಚ್ ಸಾಮಾನ್ಯವಾಗಿ ಕೆಳಗೆ ಜಾರಿರುತ್ತದೆ. ಇನ್ನೊಂದಿಷ್ಟು ಹನಿ ಹಾಕಿ ಸರಿ ಮಾಡಿ.

ಒಂದು ದಿನ ಹಾಗೇ ಇಟ್ಟು, ಬಸಿದು, ನೀರು ತಿಳಿಯಾಗುವವರೆಗೆ ತೊಳೆಯಿರಿ. 60ರಿಂದ 80 ಡಿಗ್ರಿಯಲ್ಲಿ ಅಥವಾ ನೆರಳಲ್ಲಿ ಒಣಗಿಸಿ. ಬಾಣಲೆಯಲ್ಲಿ ಹುರಿಯಬೇಡಿ. ಬಿಸಿ ಜಾಸ್ತಿಯಾದರೆ ಹೊಸದಾಗಿ ಕೂತ ಸಡಿಲ ಆಕ್ಸೈಡ್ ಗಟ್ಟಿ ಹರಳಾಗಿ ಮೇಲ್ಮೈ ಕಡಿಮೆಯಾಗುತ್ತದೆ. ಒಣಗಿದ ಮೇಲೆ ಕಾಳುಗಳು ಕಪ್ಪಾಗಿಯೇ ಇದ್ದು, ಬೆಳಕಿಗೆ ಹಿಡಿದರೆ ತುಕ್ಕಿನ ಛಾಯೆ ಕಾಣುತ್ತದೆ. ಅಂಗೈಯಲ್ಲಿ ಉಜ್ಜಿದಾಗ ಕೆಂಪು ಪುಡಿ ಉದುರಿದರೆ ಲೇಪ ಸರಿಯಾಗಿ ಕೂತಿಲ್ಲ. ಇನ್ನೊಮ್ಮೆ ತೊಳೆದು ಸಡಿಲವಾದದ್ದನ್ನು ಕಳೆಯಿರಿ.

ಸುಡುವ ಮೊದಲೇ ಫೆರಿಕ್ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಕ್ಲೋರೈಡಿನಲ್ಲಿ ನೆನೆಸುವ ವಿಧಾನವೂ ಇದೆ. ಆದರೆ ಸುಡುವಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅನಿಲವನ್ನು ಹೊರಗೆಳೆಯುವ ಲ್ಯಾಬಿನ ಗೂಡು (ಫ್ಯೂಮ್ ಹುಡ್) ಇಲ್ಲದವರು ಅದರ ತಂಟೆಗೆ ಹೋಗಬಾರದು. ಎಪಿಕ್ಲೋರೋಹೈಡ್ರಿನ್ ಬಳಸಿ ಸಿಪ್ಪೆಗೆ ಧನ ವಿದ್ಯುದಂಶ ಕೊಡುವ ವಿಧಾನವೂ ಬೇಡ. ಆ ರಾಸಾಯನಿಕ ಕ್ಯಾನ್ಸರ್ ತರುವ ಸಾಧ್ಯತೆ ಇರುವಂಥದ್ದು.

ಹಂತ 6: ಬಾಟಲಿ ಪರೀಕ್ಷೆ

ಕೊಳವೆ ಕಟ್ಟುವ ಮೊದಲು ಬಾಟಲಿಯಲ್ಲಿ ನೋಡಬೇಕು. ನಿಮ್ಮದೇ ಕಂದು ನೀರು ಇದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಗೊಬ್ಬರವಾಗಿ ಮಾರುವ ಹ್ಯೂಮೇಟ್ ಪುಡಿಯನ್ನು ಚಿಟಿಕೆಯಷ್ಟು ಕರಗಿಸಿ, ಸೋಸಿ, ಪಿಎಚ್ 7ಕ್ಕೆ ತಂದು ಬಳಸಬಹುದು. ಆದರೆ ಅದು ಸಹಜ ನೀರಿಗಿಂತ ಸುಲಭವಾಗಿ ಬಗ್ಗುತ್ತದೆ. ಅದರಲ್ಲಿ ಬಂದ ಫಲಿತಾಂಶವನ್ನು ಕೆರೆ ನೀರಿಗೆ ಹಾಗೇ ಅನ್ವಯಿಸಬೇಡಿ.

250 ಮಿಲಿಲೀಟರ್ ನೀರು ಹಾಕಿದ ಏಳು ಬಾಟಲಿ ಬೇಕು. ಐದಕ್ಕೆ 0.125, 0.25, 0.5, 1 ಮತ್ತು 2 ಗ್ರಾಂ ಇದ್ದಿಲು. ಅಂದರೆ ಲೀಟರಿಗೆ ಅರ್ಧ ಗ್ರಾಂನಿಂದ 8 ಗ್ರಾಂವರೆಗೆ. ಆರನೆಯದರಲ್ಲಿ ಕಂದು ನೀರು ಮಾತ್ರ, ಇದ್ದಿಲಿಲ್ಲ. ಏಳನೆಯದರಲ್ಲಿ ಶುದ್ಧ ಡಿಸ್ಟಿಲ್ಡ್ ನೀರು ಮತ್ತು 2 ಗ್ರಾಂ ಇದ್ದಿಲು.

ಕೊನೆಯ ಬಾಟಲಿಯನ್ನು ಬಿಡುವ ಆಸೆ ಬರುತ್ತದೆ, ಬಿಡಬೇಡಿ. ನಿಮ್ಮ ಇದ್ದಿಲು ತಾನೇ ಎಷ್ಟು ಸಾವಯವ ಪದಾರ್ಥ, ಎಷ್ಟು ಕಬ್ಬಿಣ ಬಿಡುತ್ತದೆ ಎಂದು ಹೇಳುವುದು ಅದೊಂದೇ. ಅದು ಇಲ್ಲದ ಪರೀಕ್ಷೆಯ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ.

24 ಗಂಟೆ ಕಲಕಬೇಕು. ಕಲಕುವ ಯಂತ್ರ ಇಲ್ಲದಿದ್ದರೆ ಎಚ್ಚರ ಇರುವಷ್ಟು ಹೊತ್ತು ಆಗಾಗ ಕುಲುಕಿ, ಎಲ್ಲ ಬಾಟಲಿಗೂ ಒಂದೇ ಥರ. ಆಮೇಲೆ ಸೋಸಿ. ಸಾವಯವ ಕಾರ್ಬನ್ ಅಳೆಸುವುದಾದರೆ 0.45 ಮೈಕ್ರಾನ್ ಫಿಲ್ಟರ್ ಬೇಕು. ಅದನ್ನೂ ಮೊದಲು ಶುದ್ಧ ನೀರಿನಲ್ಲಿ ತೊಳೆಯಬೇಕು, ಏಕೆಂದರೆ ಹೊಸ ಫಿಲ್ಟರ್ ಕಾಗದವೂ ಕಾರ್ಬನ್ ಬಿಡುತ್ತದೆ.

ಹಂತ 7: ಅಳತೆ

ಉಪಕರಣ ಇಲ್ಲದವರು ಬಣ್ಣದ ಏಣಿ ಮಾಡಿಕೊಳ್ಳಿ. ಮೂಲ ಕಂದು ನೀರನ್ನು ಡಿಸ್ಟಿಲ್ಡ್ ನೀರಿನಲ್ಲಿ ತೆಳು ಮಾಡಿ ಶೇ 100, 80, 60, 40, 20, 10, 0 ಎಂದು ಏಳು ಕೊಳವೆ ತುಂಬಿ. ಉದ್ದನೆಯ, ಚಪ್ಪಟೆ ತಳದ ಗಾಜಿನ ಕೊಳವೆ ಬಿಳಿ ಕಾಗದದ ಮೇಲೆ ಇರಲಿ, ಕಣ್ಣು ಮೇಲಿನಿಂದ. ನಿಮ್ಮ ಮಾದರಿ ಯಾವುದಕ್ಕೆ ಹೊಂದುತ್ತದೆ ನೋಡಿ.

ಫೋನ್ ಕ್ಯಾಮೆರಾದಿಂದ ಇನ್ನೂ ಸ್ವಲ್ಪ ನಿಖರವಾಗಿ ಮಾಡಬಹುದು. ಒಂದು ಪೆಟ್ಟಿಗೆಯೊಳಗೆ ಒಂದೇ ಬೆಳಕು, ಒಂದೇ ಜಾಗ, ಬೆಳಕಿನ ಸೆಟ್ಟಿಂಗ್ ಬದಲಾಗದಂತೆ ಲಾಕ್ ಮಾಡಿ ಫೋಟೋ ತೆಗೆಯಿರಿ. ಹಳದಿ ಕಂದು ನೀರು ನೀಲಿ ಬೆಳಕನ್ನು ಹೀರುತ್ತದೆ. ಬಣ್ಣ ಓದುವ ಆ್ಯಪ್ ಫೋಟೋದ ಕೆಂಪು, ಹಸಿರು, ನೀಲಿಗೆ ಒಂದೊಂದು ಅಂಕಿ ತೋರಿಸುತ್ತದೆ. ಹಾಗಾಗಿ ನೀಲಿ ಅಂಕಿಯನ್ನಷ್ಟೇ ಓದಿ. ಶುದ್ಧ ನೀರಿನ ನೀಲಿ ಅಂಕಿಯನ್ನು ಮಾದರಿಯ ಅಂಕಿಯಿಂದ ಭಾಗಿಸಿ, ಲಾಗರಿದಮ್ ತೆಗೆದರೆ ಬಣ್ಣದ ಗಾಢತೆಗೆ ಹೊಂದುವ ಅಳತೆ ಸಿಗುತ್ತದೆ. ಬಣ್ಣದ ಏಣಿಯನ್ನೂ ಇದೇ ರೀತಿ ಓದಿ ಗ್ರಾಫ್ ಹಾಕಿಕೊಂಡರೆ ಸಾಕು.

ಯಾವ ವಿಧಾನವಾದರೂ ಎಲ್ಲ ಮಾದರಿಗಳ ಪಿಎಚ್ ಒಂದೇ ಇರಬೇಕು. ಎಲ್ಲವನ್ನೂ 7ಕ್ಕೆ ತಂದು ಆಮೇಲೆ ನೋಡಿ. ವಾಷಿಂಗ್ ಸೋಡಾ ಪರೀಕ್ಷೆ ನೆನಪಿದೆಯಲ್ಲ, ಅದೇ ಕಾರಣ. ಅತಿನೇರಳೆ ಬೆಳಕಿನಲ್ಲಿ ಅಳೆಯುವವರಿಗೆ ಇನ್ನೊಂದು ಎಚ್ಚರ: ಸಾಮಾನ್ಯ ಗಾಜು, ಪ್ಲಾಸ್ಟಿಕ್ ಕೋಶ ಆಗುವುದಿಲ್ಲ, ಕ್ವಾರ್ಟ್ಜ್ ಬೇಕು. ಲೇಪದಿಂದ ಬಿಟ್ಟ ಕಬ್ಬಿಣವೂ ಅದೇ ಬೆಳಕನ್ನು ಹೀರುತ್ತದೆ, ಅಂಕಿ ಏರಿದರೆ ಕಬ್ಬಿಣವನ್ನೂ ಅಳೆಸಿ.

ಲೆಕ್ಕ ಸುಲಭ. ಆರಂಭದ ಪ್ರಮಾಣದಲ್ಲಿ ಕೊನೆಯ ಪ್ರಮಾಣ ಕಳೆದು, ಲೀಟರಿಗೆ ಹಾಕಿದ ಇದ್ದಿಲಿನ ಗ್ರಾಂನಿಂದ ಭಾಗಿಸಿ. ಉದಾಹರಣೆಗೆ ಸಾವಯವ ಕಾರ್ಬನ್ 12ರಿಂದ 5 ಮಿಲಿಗ್ರಾಂಗೆ ಇಳಿಯಿತು, ಲೀಟರಿಗೆ 2 ಗ್ರಾಂ ಹಾಕಿದ್ದಿರಿ ಅಂದುಕೊಳ್ಳಿ. 7 ಭಾಗಿಸು 2. ಗ್ರಾಂ ಇದ್ದಿಲಿಗೆ 3.5 ಮಿಲಿಗ್ರಾಂ ಹಿಡಿದಿದೆ. ಐದು ಬಾಟಲಿಗಳ ಅಂಕಿಗಳನ್ನು ಮೇಲ್ಮೈಗೆ ಎಷ್ಟು ಅಂಟುತ್ತದೆ ಎಂದು ಲೆಕ್ಕ ಹಾಕುವ ಲ್ಯಾಂಗ್‌ಮ್ಯೂರ್ ಅಥವಾ ಫ್ರಾಯಿಂಡ್ಲಿಶ್ ಸಮೀಕರಣಕ್ಕೆ ಹೊಂದಿಸಬಹುದು. ಆದರೆ ಕೊಳವೆ ಕಟ್ಟಲು ಈ ಒಂದು ಅಂಕಿ ಸಾಕು.

ಹಂತ 8: ಕೊಳವೆ ಕಟ್ಟುವುದು

ಒಳ ಅಡ್ಡಳತೆ 5 ಸೆಂಟಿಮೀಟರ್ ಇರುವ ಕೊಳವೆ ತೆಗೆದುಕೊಳ್ಳಿ, ಪಾರದರ್ಶಕವಾದರೆ ಒಳ್ಳೆಯದು. ಅದರಲ್ಲಿ 60 ಸೆಂಟಿಮೀಟರ್ ಎತ್ತರ ಇದ್ದಿಲು ತುಂಬಿದರೆ ಸುಮಾರು 1.2 ಲೀಟರ್ ಜಾಗ. ಆ ಜಾಗದಲ್ಲಿ ನೀರು 15 ನಿಮಿಷ ಇರುವ ಲೆಕ್ಕಕ್ಕೆ ನಿಮಿಷಕ್ಕೆ ಸುಮಾರು 80 ಮಿಲಿಲೀಟರ್ ಬಿಡಬೇಕು. ಗಂಟೆಗೆ 4.7 ಲೀಟರ್ ಹತ್ತಿರ. ದೊಡ್ಡ ಘಟಕಗಳಲ್ಲೂ ಈ ಸಮಯ 10ರಿಂದ 20 ನಿಮಿಷದ ಆಸುಪಾಸು ಇರುತ್ತದೆ.

ಒಣ ಇದ್ದಿಲನ್ನು ಹಾಗೇ ಸುರಿಯಬೇಡಿ, ಗಾಳಿ ತುಂಬಿಕೊಂಡು ತೇಲುತ್ತದೆ. ಮೊದಲು ಕುದಿಸಿ ಅಥವಾ ಒಂದು ದಿನ ನೆನೆಸಿ. ಕೊಳವೆಯ ತಳದಲ್ಲಿ ಜಾಲರಿ, ಜಲ್ಲಿ, ದಪ್ಪ ಮರಳು ಹಾಕಿ ಅರ್ಧ ನೀರು ತುಂಬಿ. ಆಮೇಲೆ ನೆನೆದ ಇದ್ದಿಲನ್ನು ನೀರಿನ ಜೊತೆಗೇ ಸುರಿಯುತ್ತಾ, ಕೊಳವೆಯನ್ನು ಹೊರಗಿನಿಂದ ಮೆಲ್ಲಗೆ ತಟ್ಟಿ. ಮೇಲೆ ಮತ್ತೆ ಒಂದು ಪದರ ಮರಳು. ಹೊರಹೋಗುವ ನಳಿಕೆಯನ್ನು ಇದ್ದಿಲಿನ ಮೇಲ್ಮಟ್ಟಕ್ಕಿಂತ ಎತ್ತರಕ್ಕೆ ಬಗ್ಗಿಸಿ ಕಟ್ಟಿ. ಆಗ ನೀರು ನಿಂತಾಗಲೂ ಇದ್ದಿಲು ಒಣಗುವುದಿಲ್ಲ.

ಮೊದಲು ಬರುವ ಕರಿ ನೀರನ್ನು ಚೆಲ್ಲಿ. ಮಣ್ಣಿನ ಕಣ ಇರುವ ನೀರಾದರೆ ಮುಂದೆ ಮರಳಿನ ಸೋಸು ಬೇಕೇ ಬೇಕು, ಇಲ್ಲದಿದ್ದರೆ ಇದ್ದಿಲು ಸೋತುಹೋಗುವ ಮೊದಲೇ ಕಟ್ಟಿಕೊಳ್ಳುತ್ತದೆ.

ಎಷ್ಟು ದಿನ ಬರುತ್ತದೆ? ಲೀಟರ್ ಜಾಗಕ್ಕೆ 250 ಗ್ರಾಂ ಹಿಡಿಸುವ ಇದ್ದಿಲು ಎಂದರೆ 1.2 ಲೀಟರಿಗೆ 300 ಗ್ರಾಂ. ಗ್ರಾಂಗೆ 3.5ರಂತೆ 1050 ಮಿಲಿಗ್ರಾಂ ಹಿಡಿಯಬಲ್ಲದು. ಪ್ರತಿ ಲೀಟರಿನಿಂದ 3 ಮಿಲಿಗ್ರಾಂ ತೆಗೆಯುತ್ತಾ ಹೋದರೆ 350 ಲೀಟರ್. ಗಂಟೆಗೆ 4.7 ಲೀಟರಿನಂತೆ ಬಿಡುವಿಲ್ಲದೆ ಓಡಿಸಿದರೆ ಬರೀ ಮೂರು ದಿನ! ನಿರಾಸೆ ಆಗುವಂಥ ಅಂಕಿ, ಆದರೆ ಇದೇ ವಾಸ್ತವ. ಹಾಗಾಗಿ ದೊಡ್ಡ ಪ್ರಮಾಣದ ನೀರಿಗೆ ಮೊದಲು ಆಲಮ್ ಅಥವಾ ಫೆರಿಕ್ ಲವಣ ಹಾಕಿ, ಪಿಎಚ್ 5.5ರಿಂದ 6.5ರಲ್ಲಿ ಹೆಪ್ಪುಗಟ್ಟಿಸಿ ಕೆಸರಾಗಿ ಇಳಿಸುವುದೇ ಅಗ್ಗ. ಇದ್ದಿಲಿನ ಕೊಳವೆ ಅದರ ನಂತರ, ಉಳಿದದ್ದನ್ನು ಹಿಡಿಯಲು.

ಎರಡು ಕೊಳವೆಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ನಡುವೆ ಮಾದರಿ ತೆಗೆಯಲು ನಲ್ಲಿ ಇಡಿ. ಮೊದಲ ಕೊಳವೆಯಿಂದ ಬರುವ ನೀರಿನ ಬಣ್ಣ ಒಳಬರುವ ನೀರಿನ ಅರ್ಧಕ್ಕೆ ಏರಿದಾಗ ಅದನ್ನು ಬಿಚ್ಚಿ, ಎರಡನೆಯದನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಹಾಕಿ.

ಈ ನೀರನ್ನು ಕುಡಿಯಬಹುದಾ?

ಇದ್ದಿಲಿನಿಂದ ಬಂದ ಮಾತ್ರಕ್ಕೆ ಇಲ್ಲ. ರೋಗಾಣುಗಳು ಹೋಗಿರುವುದಿಲ್ಲ. ಇದ್ದಿಲಿನ ಮೇಲೆ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುವುದೂ ಉಂಟು. ನೈಟ್ರೇಟ್, ಗಡಸುತನ ಹಾಗೇ ಉಳಿಯುತ್ತವೆ. ಕ್ಲೋರಿನ್ ಹಾಕುವುದಾದರೆ ಕೊಳವೆಯ ನಂತರ ಹಾಕಿ. ಮೊದಲು ಹಾಕಿದರೆ ಟ್ರೈಹ್ಯಾಲೋಮೀಥೇನ್ ಹುಟ್ಟುತ್ತದೆ, ಉಳಿದ ಕ್ಲೋರಿನ್ನನ್ನು ಇದ್ದಿಲು ನುಂಗುತ್ತದೆ. ಡಬ್ಬದಲ್ಲಿ ಸುಟ್ಟ ಇದ್ದಿಲಿನಲ್ಲಿ ಹೊಗೆಯ ಕೆಲವು ಹಾನಿಕರ ಪದಾರ್ಥಗಳು ಉಳಿದಿರಬಹುದು. ಇದ್ದಿಲು ಬಿಡುವ ಲೋಹ ಮತ್ತು ಆ ಪದಾರ್ಥಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸುವವರೆಗೆ ಆ ನೀರು ಪ್ರಯೋಗಕ್ಕೆ, ತೊಳೆಯಲು, ಗಿಡಕ್ಕೆ ಮಾತ್ರ ಇರಲಿ.

ಹಂತ 9: ಮತ್ತೆ ಬಳಕೆ, ವಿಲೇವಾರಿ

ಕಬ್ಬಿಣ ಲೇಪಿಸಿದ ಇದ್ದಿಲನ್ನು ಕ್ಷಾರದಿಂದ ಬಿಡಿಸಬಹುದು. ಲೀಟರಿಗೆ 4 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಕೊಳವೆಯ ಜಾಗದ ಎರಡು ಮೂರು ಪಟ್ಟು, ನಿಧಾನವಾಗಿ ಹಾಯಿಸಿ. ಹಿಡಿದಿಟ್ಟ ಹ್ಯೂಮಿಕ್ ಆಮ್ಲ ಗಾಢ ಕಂದು ದ್ರವವಾಗಿ ಹೊರಬರುತ್ತದೆ. ಆಮೇಲೆ ಪಿಎಚ್ 8.5ರ ಕೆಳಗೆ ಬರುವವರೆಗೆ ನೀರು ಹಾಯಿಸಿ ಮತ್ತೆ ಬಳಸಿ. ಪ್ರತಿ ಸಲವೂ ಸಾಮರ್ಥ್ಯ ಸ್ವಲ್ಪ ಇಳಿಯುತ್ತದೆ. ಮೊದಲಿನ ಅರ್ಧಕ್ಕೆ ಬಂದಾಗ ಬದಲಾಯಿಸಿ.

ಹೊರಬಂದ ಕಂದು ದ್ರವವನ್ನು ಚರಂಡಿಗೆ ಸುರಿಯಬೇಡಿ. ಹೈಡ್ರೋಕ್ಲೋರಿಕ್ ಆಮ್ಲ ಹನಿಹನಿಯಾಗಿ ಹಾಕಿ ಪಿಎಚ್ 2ರ ಕೆಳಗೆ ತಂದರೆ ಹ್ಯೂಮಿಕ್ ಭಾಗ ಹೆಪ್ಪಾಗಿ ತಳಕ್ಕೆ ಇಳಿಯುತ್ತದೆ, ಫಲ್ವಿಕ್ ಭಾಗ ನೀರಿನಲ್ಲೇ ಉಳಿಯುತ್ತದೆ. ಮೇಲಿನ ನೀರನ್ನು ಬಸಿದು ಸುಣ್ಣದಿಂದ ಪಿಎಚ್ 7ಕ್ಕೆ ತನ್ನಿ. ಅದರಲ್ಲಿ ಉಪ್ಪು ಜಾಸ್ತಿ ಇರುತ್ತದೆ, ಬೆಳೆಗೆ ಹಾಕಬೇಡಿ.

ಮುಗಿದ ಇದ್ದಿಲನ್ನು, ನೀರಿನಲ್ಲಿ ಬೇರೆ ಮಾಲಿನ್ಯ ಇರಲಿಲ್ಲ ಎಂಬುದು ಖಾತ್ರಿ ಇದ್ದರೆ, ಚೆನ್ನಾಗಿ ತೊಳೆದು ಕಾಂಪೋಸ್ಟ್ ಗುಂಡಿಗೆ ಸೇರಿಸಬಹುದು. ಕಾರ್ಖಾನೆ, ಗಣಿ ಪಕ್ಕದ ನೀರಾದರೆ ಅಥವಾ ಆರ್ಸೆನಿಕ್ ಇರುವ ನೀರಾದರೆ ಹಾಗೆ ಮಾಡುವಂತಿಲ್ಲ. ಕಬ್ಬಿಣದ ಲೇಪ ಆರ್ಸೆನಿಕ್ಕನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಅಂಥ ಇದ್ದಿಲನ್ನು ಮುಚ್ಚಿದ ಡಬ್ಬದಲ್ಲಿ, ಒಳಗೇನಿದೆ ಎಂದು ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.